ಡ್ರ್ಯಾಗನ್ ಕಥೆ ಪಲಾಯನದ ಓದಲ್ಲ

ಮಾನ್ಯ ಸಂಪಾದಕರಿಗೆ,

ಕಲ್ಪಿತ ಲೋಕದ ಕಾದಂಬರಿಗಳು ವಾಸ್ತವದಿಂದ ತಪ್ಪಿಸಿಕೊಳ್ಳುವವರ ಓದು ಎಂಬ ಅಭಿಪ್ರಾಯ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಈಚೆಗೆ ಪ್ರಕಟವಾಗಿತ್ತು. ರಕ್ಕಸ ಪಾತ್ರದ ಬಣ್ಣದ ವೇಷದ ಅಬ್ಬರಕ್ಕೆ ಬೆಚ್ಚುತ್ತಲೇ ಬೆಳಗಿನವರೆಗೆ ಬಯಲಾಟ ನೋಡಿ, ಧರ್ಮಾಧರ್ಮದ ವಾದವನ್ನು ಅಲ್ಲಿಯೇ ಕೇಳಿ ಬೆಳೆದ ಉತ್ತರ ಕನ್ನಡದವರು ಈ ಮಾತನ್ನು ಒಪ್ಪುವುದು ಕಷ್ಟ. ನಾನು ತಕರಾರು ಎತ್ತುತ್ತಿರುವುದು ಈ ಮಳೆಗಾಲದಲ್ಲಿ ಮತ್ತೆ ಕೈಗೆತ್ತಿಕೊಂಡ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ಅರ್ತ್‌ಸೀ’ ಕಾದಂಬರಿ ಸರಣಿಯ ಆಧಾರದ ಮೇಲೆ.

ಈ ಸರಣಿಯ ಮೊದಲ ಪುಸ್ತಕ 1968ರಲ್ಲೂ ಮೂರನೆಯದು 1972ರಲ್ಲೂ ಬಂದವು. ಕೂರ್ಮಗಡ, ದೇವಗಡ ದ್ವೀಪಗಳನ್ನು ದಂಡೆಯಿಂದ ನೋಡುತ್ತ ಬೆಳೆದ ನನಗೆ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಅಲೆಯುವ ಮಂತ್ರವಾದಿ ಗೆಡ್ ಎಂದೂ ಪರಕೀಯನೆನಿಸಲಿಲ್ಲ. ಆದರೆ ಮರು ಓದಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹದಿನೆಂಟು ವರ್ಷಗಳ ಅಂತರದ ನಂತರ, 1990ರಲ್ಲಿ ಲೇಖಕಿ ಅದೇ ಲೋಕಕ್ಕೆ ಮರಳಿ ಬರೆದ ನಾಲ್ಕನೆಯ ಕಾದಂಬರಿ ‘ಟೆಹಾನು’. ಸಾಹಸಗಳ ನಾಯಕ ಗೆಡ್ ಇಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡು, ಅರೆಜೀವವಾಗಿ ಡ್ರ್ಯಾಗನ್ನಿನ ಬೆನ್ನ ಮೇಲೆ ಊರಿಗೆ ಬಂದು, ಮುಂದೆ ಆಡು ಕಾಯುತ್ತಾನೆ. ಕಥೆಯ ಭಾರ ಹೊರುವವಳು ಟೆನಾರ್ ಎಂಬ ನಡುವಯಸ್ಸಿನ ವಿಧವೆ. ತನ್ನವರಿಂದಲೇ ಅತ್ಯಾಚಾರಕ್ಕೊಳಗಾಗಿ, ಬೆಂಕಿಗೆ ನೂಕಲ್ಪಟ್ಟ ಥೆರು ಎಂಬ ಪುಟ್ಟ ಹುಡುಗಿಯನ್ನು ಅವಳು ಸಾಕುತ್ತಾಳೆ.

ಮಂತ್ರವೇ ಜೀವಾಳವಾದ ಆ ಲೋಕದಲ್ಲಿಯೂ ಯಾವ ಮಂತ್ರವೂ ಥೆರುವಿನ ಅರ್ಧ ಸುಟ್ಟ ಮುಖವನ್ನು ಮೊದಲಿನಂತೆ ಮಾಡುವುದಿಲ್ಲ. ಟೆನಾರ್ ಅವಳಿಗೊಂದು ಕೆಂಪು ಅಂಗಿ ಹೊಲಿದು ತೊಡಿಸುತ್ತಾಳೆ. ಜನ ನಿನ್ನ ಕಲೆಗಳನ್ನು ನೋಡುತ್ತಾರೆ, ಆದರೆ ಆ ಕಲೆಗಳೇ ನೀನಲ್ಲ ಎಂಬ ಅರ್ಥದ ಮಾತನ್ನು ಯಾವ ಸಿಹಿಲೇಪವೂ ಇಲ್ಲದೆ ಹೇಳುತ್ತಾಳೆ. ಹಿಂಸಿಸಿದ ಗುಂಪಿನ ಒಬ್ಬ ಮತ್ತೆ ಎದುರಾಗಿ ಕೈ ತಾಗಿಸಿದ ಮಾತ್ರಕ್ಕೆ, ಅಷ್ಟು ಕಾಲ ಜತನದಿಂದ ಗಳಿಸಿದ ಧೈರ್ಯವೆಲ್ಲ ಕುಸಿದು ಮಗು ಮತ್ತೆ ತನ್ನೊಳಗೆ ಮುದುಡಿಕೊಳ್ಳುತ್ತದೆ, ಟೆನಾರ್ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕೊನೆಯಲ್ಲಿ ಮಗುವಿನ ಕರೆಗೆ ಓಗೊಟ್ಟು ಬರುವ ಮುದಿ ಡ್ರ್ಯಾಗನ್ ಕಲೆಸ್ಸಿನ್ ಅವಳನ್ನು ತನ್ನ ಕುಲದವಳೆಂದು ಗುರುತಿಸುತ್ತದೆಯೇ ಹೊರತು ಅವಳ ಗಾಯವನ್ನು ಅಳಿಸುವುದಿಲ್ಲ. ಇದನ್ನು ಪಲಾಯನವೆಂದು ಕರೆಯುವವರು ಪುಸ್ತಕದ ಮುಖಪುಟವನ್ನಷ್ಟೇ ನೋಡಿರಬೇಕು.

ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ದೂರು, ಬಂಧನ, ಶಿಕ್ಷೆ ಇಷ್ಟಕ್ಕೆ ಮುಗಿಯುತ್ತದೆ. 2012ರ ಪೋಕ್ಸೊ ಕಾಯ್ದೆ ಸಂತ್ರಸ್ತ ಮಗುವಿನ ಗುರುತು ಬಯಲಾಗದಂತೆ ಮಾಧ್ಯಮಗಳಿಗೆ ನಿರ್ಬಂಧ ವಿಧಿಸಿದೆ, ಅದು ಅಗತ್ಯವೂ ಹೌದು. ಆದರೆ ಮಗು ಆ ಬಳಿಕ ಹೇಗೆ ನಿದ್ರಿಸಿತು, ಶಾಲೆಯ ಬಾಗಿಲಲ್ಲಿ ಯಾಕೆ ನಿಂತುಬಿಟ್ಟಿತು, ಸಾಕಿದವರು ಎಷ್ಟು ಬಾರಿ ಸೋತರು ಎಂಬುದು ಸಹಜವಾಗಿಯೇ ಓದುಗರ ಕಣ್ಣಿಗೆ ಬೀಳುವುದಿಲ್ಲ. ಸುದ್ದಿಗೆ ಹೇಳಲಾಗದ, ಹೇಳಬಾರದ ಈ ಭಾಗವನ್ನು ಯಾರ ಗುಟ್ಟನ್ನೂ ರಟ್ಟು ಮಾಡದೆ ಹೇಳುವ ಅವಕಾಶ ಕಥೆಗಿದೆ; ಅದರಲ್ಲೂ ಯಾರ ಊರೂ ಅಲ್ಲದ ಊರಿನ ಕಥೆಗೆ ಇನ್ನೂ ಹೆಚ್ಚು.

ಆದ್ದರಿಂದ ಪುರವಣಿಯಲ್ಲಿ ಇಂತಹ ಕೃತಿಗಳ ಗಂಭೀರ ವಿಮರ್ಶೆಗೂ ಸ್ಥಳ ದೊರೆಯಲಿ. ಆಸ್ತಿ ತೆರಿಗೆಯೊಂದಿಗೆ ನಾವು ಕಟ್ಟುವ ಗ್ರಂಥಾಲಯ ಕರದಿಂದ ನಡೆಯುವ ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕ ಆಯ್ಕೆ ಮಾಡುವಾಗಲೂ ಇವುಗಳನ್ನು ಪರಿಗಣಿಸಲಿ. ಆದರೆ ಡ್ರ್ಯಾಗನ್ನಿನ ಚಿತ್ರವಿದೆ ಎಂಬ ಕಾರಣಕ್ಕೆ ‘ಟೆಹಾನು’ವನ್ನು ಮಕ್ಕಳ ಕಪಾಟಿನಲ್ಲಿ ಇಡುವುದು ಬೇಡ; ಅದು ಮೊದಲು ಪಾಲಕರ, ಶಿಕ್ಷಕರ ಕೈಗೆ ಸಿಗಬೇಕಾದ ಪುಸ್ತಕ.

ಇಂತಿ,
ಓರ್ವ ಓದುಗ,
ಬೈತಖೋಲ, ಕಾರವಾರ