ಗಡಿಯಲ್ಲಿ ತಡೆದವರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಮೆರಿಕದವರು ತಮ್ಮದೇ ದೇಶದ ಕೂಲಿಯವರನ್ನು ರಾಜ್ಯದ ಗಡಿಯಲ್ಲಿ ತಡೆದದ್ದು ನಿಜವೇ ಎಂದು ನೀನು ಕೇಳಿದ್ದೆ. ನಿಜ. ಅದು 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲ; ಕೆಲಸ ಹುಡುಕಿಕೊಂಡು ಬೇರೆ ರಾಜ್ಯಗಳ ಬಡವರು ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದರು. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ ಕ್ಯಾಲಿಫೋರ್ನಿಯಾದ ಗಡಿಯುದ್ದಕ್ಕೂ 16 ಕಡೆ 136 ಪೊಲೀಸರನ್ನು ನಿಲ್ಲಿಸಿದ. ನಗರದ ಪೊಲೀಸರಿಗೆ ಅಲ್ಲಿ ಅಧಿಕಾರವೇ ಇಲ್ಲ. ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಅಧಿಕಾರಿಗಳಾದ ಶೆರಿಫ್‌ಗಳಿಂದ ಅದನ್ನು ಕಡ ತಂದರು. ಕೈಯಲ್ಲಿ ಕಾಸು, ಮುಂದೆ ಕೆಲಸ ಎರಡೂ ಇಲ್ಲದವನು ಬಂದ ದಾರಿ ಹಿಡಿಯಬೇಕು, ಇಲ್ಲವೇ ಅಲೆಮಾರಿಯೆಂದು ಜೈಲಿಗೆ ಹೋಗಬೇಕು.

ಇದನ್ನು ಬರೀ ಹೊರಗಿನವರ ಮೇಲಿನ ದ್ವೇಷ ಅಂದುಕೊಳ್ಳಬೇಡ. ಗಂಟು ಇದ್ದದ್ದು ಬಡವರಿಗೆ ಕೊಡುವ ನೆರವಿನ ಲೆಕ್ಕದಲ್ಲಿ. ಬಡವರ ಖರ್ಚು ಬೀಳುತ್ತಿದ್ದದ್ದು ಸ್ಥಳೀಯ ತೆರಿಗೆಯ ಮೇಲೆ. ಇಂತಿಷ್ಟು ವರ್ಷ ಅಲ್ಲೇ ನೆಲೆಸಿದವನಿಗಷ್ಟೇ ಆ ನೆರವು ಸಿಗುತ್ತಿತ್ತು. ಊರು ಬಿಟ್ಟವನಿಗೆ ಹಳೆಯ ಊರಿನ ಹಕ್ಕು ತಪ್ಪಿಹೋಗುತ್ತಿತ್ತು, ಹೊಸ ಊರಿನದು ಇನ್ನೂ ದಕ್ಕಿರುತ್ತಿರಲಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡವರಿಗೆ ಕೇಂದ್ರ ಸರ್ಕಾರ 1933ರಲ್ಲಿ ಊಟ, ವಸತಿಯ ವ್ಯವಸ್ಥೆ ಮಾಡಿತು. 1935ರ ಸೆಪ್ಟೆಂಬರ್‌ನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಐದೇ ತಿಂಗಳಿಗೆ ಗಡಿಯಲ್ಲಿ ಪೊಲೀಸರು!

ಜಮೀನಿನವರಿಗಂತೂ ಆಳು ಬೇಕೇ ಬೇಕು, ಆದರೆ ಕೊಯ್ಲಿಗೆ ಮಾತ್ರ. 1933ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ವಾಕಿನ್ ಕಣಿವೆಯಲ್ಲಿ ನೂರು ಪೌಂಡ್, ಅಂದರೆ 45 ಕಿಲೋ ಹತ್ತಿ ಬಿಡಿಸಿದರೆ 60 ಸೆಂಟ್ ಎಂದರು. ಕೂಲಿಯವರು ಡಾಲರ್ ಕೇಳಿ ಮುಷ್ಕರ ಹೂಡಿದರು, ಕೊನೆಗೆ 75ಕ್ಕೆ ಒಪ್ಪಂದವಾಯಿತು. ಆಳು ಹೆಚ್ಚಿದಷ್ಟೂ ಕೂಲಿ ಇಳಿಯುತ್ತಿತ್ತು. ಬಟಾಣಿ ಹೊಲಕ್ಕೆ ಹಿಮ ಬಿದ್ದರೆ ಕೆಲಸವೇ ಇಲ್ಲ; ಮುಂದಿನ ಊರಿಗೆ ಹೋಗಲು ಪೆಟ್ರೋಲಿಗೂ ಕಾಸಿಲ್ಲ. ಕಾಲುವೆ ದಂಡೆಯಲ್ಲೇ ಟೆಂಟು. ಬಟ್ಟೆ ಒಗೆದ ನೀರನ್ನೇ ಕುಡಿದರೆ ಭೇದಿ, ಟೈಫಾಯಿಡ್ ಬರದೆ ಇರುತ್ತದೆಯೇ? ಊರಿನವರು ಆ ಕೊಳಕು ನೋಡಿ ಮನುಷ್ಯರನ್ನೇ ಕೊಳಕು ಅಂದರು. ಅದೇ ಕಣಿವೆಯ ಆರ್ವಿನ್ ಊರಿನಲ್ಲಿ ಸರ್ಕಾರ ಶಿಬಿರ ಕಟ್ಟಿ ಶೌಚಾಲಯ, ಸ್ನಾನದ ಮನೆ, ಬಟ್ಟೆ ಒಗೆಯುವ ತೊಟ್ಟಿ ಕೊಟ್ಟಾಗ ಅದೇ ಜನ ಚೊಕ್ಕಟವಾಗಿ ಬಾಳಿದರು, ಶಿಬಿರದ ಆಡಳಿತವನ್ನೂ ತಾವೇ ನೋಡಿಕೊಂಡರು.

ಕೊನೆಗೆ ಒಂದು ಮೊಕದ್ದಮೆ. 1939ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮೇರಿಸ್‌ವಿಲ್‌ ಊರಿನ ಎಡ್ವರ್ಡ್ಸ್ ಎಂಬವನು ತನ್ನ ಕಾರಿನಲ್ಲಿ ಟೆಕ್ಸಾಸ್‌ಗೆ ಹೋಗಿ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕರೆತಂದ. ಹೊರಟಾಗ ಆ ಮೈದುನನ ಬಳಿ ಇದ್ದದ್ದು 20 ಡಾಲರ್, ತಲುಪುವಾಗ ಅದೂ ಖಾಲಿ. ಹೊರಗಿನ ಬಡವರನ್ನು ರಾಜ್ಯದೊಳಗೆ ತರುವುದು ಅಪರಾಧ ಎಂಬ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಎಡ್ವರ್ಡ್ಸ್‌ಗೆ ಆರು ತಿಂಗಳ ಶಿಕ್ಷೆ, ಅದನ್ನು ಅಮಾನತಿನಲ್ಲಿಟ್ಟರು. 1941ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅದು ಅಡ್ಡಿ ಎಂಬುದು ಬಹುಮತದ ಕಾರಣ. ನನಗೆ ಅದು ಸಾಲದು ಅನಿಸುತ್ತದೆ. ನ್ಯಾಯಮೂರ್ತಿ ಡಗ್ಲಾಸ್ ಬೇರೆಯಾಗಿ ಬರೆದದ್ದೇ ಸರಿ: ದನ, ಹಣ್ಣು, ಉಕ್ಕು, ಕಲ್ಲಿದ್ದಲಿನ ಸಾಗಾಟಕ್ಕಿಂತ ಮನುಷ್ಯರ ಓಡಾಟಕ್ಕೆ ಹೆಚ್ಚಿನ ರಕ್ಷಣೆ ಇದೆ.

ಇಂತಿ ನಿನ್ನ ಗೆಳೆಯ