ಬೆನ್ನಿಗೆ ಕಬ್ಬಿಣ ಕಟ್ಟಿಕೊಳ್ಳಬೇಡ ಮಗಾ

ಮಾದಾಪುರ
ಭಾನುವಾರ ರಾತ್ರಿ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಪತ್ರ ಗುರುವಾರ ಬಂತು. ಮನೆಯ ಸುದ್ದಿ, ತೋಟದ ಲೆಕ್ಕ ಎಲ್ಲಾ ನಿಮ್ಮಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದನ್ನು ಮತ್ತೆ ಬರೆಯಲ್ಲ. ಕೊನೆಯಲ್ಲಿ ನೀನು ಸುಮ್ನೆ ಬರೆದ ಒಂದು ಮಾತು ಇದೆಯಲ್ಲ, ಅದರಿಂದ ನನಗೆ ಮೂರು ರಾತ್ರಿ ನಿದ್ದೆ ಇಲ್ಲ. 'ಬೈಕಿನಲ್ಲಿ ಕಾಡುದಾರಿಗೆ ಹೋಗುವಾಗ ಟೂಲ್ಸ್ ಎಲ್ಲಾ ಬೆನ್ನಿನ ಬ್ಯಾಗಿಗೇ ಹಾಕಿಕೊಳ್ಳುತ್ತೇನೆ ದೊಡ್ಡಪ್ಪ, ಜಾಗ ಸಾಲದೆ ನೀರು ಒಂದೇ ಬಾಟಲಿ ಮಾಡಿದ್ದೇನೆ, ನಮ್ಮ ಕೊಡಗಿನಲ್ಲಿ ನೀರಿಗೇನು ಬರ' ಅಂತ.

ಬೀಳುವುದು ಇದ್ದದ್ದೇ ಬಿಡು. ಕಲ್ಲು, ಬೇರು, ಒಣ ಎಲೆಗಳ ಮೇಲೆ ಗಾಡಿ ಓಡಿಸುವವನು ಒಮ್ಮೆಯಾದರೂ ಬೀಳುತ್ತಾನೆ. ಬಿದ್ದಾಗ ನಿನ್ನ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಒಂದು ಪಾನಾ ಇರುತ್ತದಲ್ಲ, ಅದೇ ನನ್ನ ಭಯ. ಕಣ್ಣು ಮುಚ್ಚಿದರೆ ಆ ಪಾನಾನೇ ಕಾಣುತ್ತದೆ.

ನಿಮ್ಮಪ್ಪನ ಬೆನ್ನು ಹೇಗಿದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಅಂತ ನೀನು ಚಿಕ್ಕಂದಿನಿಂದ ಕೇಳಿದ್ದೀಯ. ಮಗಾ, ಅವನು ಏಣಿಯಿಂದ ಬಿದ್ದದ್ದಲ್ಲ. ಇದನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. 'ಬರಿ ಅಣ್ಣ, ಅವನಿಗೆ ಗೊತ್ತಾಗಲಿ' ಅಂದ.

1985ರ ಫೆಬ್ರವರಿ. ರೋಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ನನ್ನ ಹತ್ತಿರ ಒಂದು ಹಳೇ ಯೆಜ್ಡಿ ಬೈಕ್ ಇತ್ತು, ಮೈಸೂರಿನಲ್ಲಿ ತಯಾರಾಗುತ್ತಿತ್ತಲ್ಲ, ಅದೇ. ಎರಡು ಸ್ಟ್ರೋಕಿನ ಗಾಡಿ, ಏರಿನಲ್ಲಿ ಪ್ಲಗ್ ಮಸಿ ಹಿಡಿದು ನಿಂತುಬಿಡುತ್ತಿತ್ತು. ಪ್ಲಗ್ ಪಾನಾ ಇಲ್ಲದೆ ಗೇಟು ದಾಟುವಂತಿರಲಿಲ್ಲ. ಅದಕ್ಕೆ ಟೂಲ್ ಬಾಕ್ಸ್ ಇತ್ತು. ಆದರೆ ಬೀಗ ಕೆಟ್ಟಿತ್ತು, ಮುಚ್ಚಳ ನಿಲ್ಲುತ್ತಿರಲಿಲ್ಲ. ಸುಂಟಿಕೊಪ್ಪಕ್ಕೆ ಹೋದಾಗ ಮಾಡಿಸೋಣ ಅಂತ ಎರಡು ತಿಂಗಳು ತಳ್ಳಿದೆ. ಅಲ್ಲಿಯವರೆಗೆ ಎಲ್ಲಾ ಒಂದು ಖಾಕಿ ಚೀಲಕ್ಕೆ ತುಂಬಿ, ಹಿಂದೆ ಕೂರುವವನ ಬೆನ್ನಿಗೆ ಹಾಕುತ್ತಿದ್ದೆ. ರಿಂಗ್ ಪಾನಾ, ಸುತ್ತಿಗೆ, ಟೈರ್ ಬಿಚ್ಚುವ ಎರಡು ಲಿವರ್. ಹಿಂದೆ ಕೂರುತ್ತಿದ್ದವನು ನಿಮ್ಮಪ್ಪ. ಅವನಿಗೆ ಆಗ ಹತ್ತೊಂಬತ್ತು.

ಕೋಟೆಬೆಟ್ಟದ ಕಡೆಯ ಜೀಪ್ ರೋಡಿಗೆ ಗಾಡಿ ತೆಗೆದುಕೊಂಡು ಹೋಗಬಾರದು ಅಂತ ಅಜ್ಜ ಹೇಳಿದ್ದರು. ನಾವು ಹೋದೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಉರುಳುಗಲ್ಲಿನ ಮೇಲೆ ಹಿಂದಿನ ಚಕ್ರ ಜಾರಿತು. ನಾನು ಪಕ್ಕದ ಪೊದೆಗೆ ಬಿದ್ದೆ, ತರಚು ಗಾಯ ಅಷ್ಟೆ. ಅವನು ಅಂಗಾತ ಬಿದ್ದ, ಆ ಚೀಲದ ಮೇಲೆ. ಕಿರುಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ 'ಅಣ್ಣಾ, ನೀರು' ಅಂದ.

ನೀರು ಇರಲಿಲ್ಲ ಮಗಾ. ಇದ್ದ ಒಂದು ಬಾಟಲಿಯನ್ನು ಹತ್ತುವಾಗ ನಾನೇ ಕುಡಿದು ಮುಗಿಸಿದ್ದೆ. ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ, ಇತ್ತು, ಓಡಿದೆ. ಮೇಲೆ ಯಾರದೋ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮಾಡಿ ಆ ನೀರು ಬಿಟ್ಟಿದ್ದರು. ಕಂದು ಬಣ್ಣ, ಹುಳಿ ನಾತ. ಕುಡಿಸಲು ಧೈರ್ಯ ಬರಲಿಲ್ಲ. ಟವೆಲ್ ಅದ್ದಿಕೊಂಡು ಬಂದು ಮುಖ ಒರೆಸಿದೆ. ಅವನು ಆ ಟವೆಲನ್ನೇ ಚೀಪಲು ನೋಡಿದ.

ಆಮೇಲೆ ಅವನನ್ನು ಎತ್ತಿ ಕೂರಿಸಿ, ಅದೇ ಟವೆಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಕೆಳಗೆ ಬಂದೆ. ಬೆನ್ನುಮೂಳೆಗೆ ಪೆಟ್ಟಾದವನನ್ನು ಹಾಗೆ ಎತ್ತಲೇಬಾರದಿತ್ತು ಅಂತ ಮಡಿಕೇರಿಯಲ್ಲಿ ಡಾಕ್ಟರು ಬೈದರು. ಮೂಳೆಯಲ್ಲಿ ಬಿರುಕು. ಮೂರು ತಿಂಗಳು ಹಲಗೆ ಮೇಲೆ ಮಲಗಿದ. ಅಜ್ಜನಿಗೆ ಏಣಿಯ ಕಥೆ ಹೇಳಿದ್ದು ನಾನು. ಅವನು ಹೂಂ ಅಂದ, ನನ್ನನ್ನು ಉಳಿಸಲು. ಅಜ್ಜ ಆ ಬಿದಿರಿನ ಏಣಿಯನ್ನು ಕಡಿಸಿ ಒಲೆಗೆ ಹಾಕಿಸಿದರು. ನಾನು ನೋಡುತ್ತಾ ನಿಂತಿದ್ದೆ. ಕೊನೆಯವರೆಗೂ ಅವರಿಗೆ ನಿಜ ಹೇಳಲಿಲ್ಲ.

ಅಜ್ಜ ಕತ್ತಿಯನ್ನು ಯಾವತ್ತೂ ಗೋಣಿಯಲ್ಲಿ ಸುತ್ತಿ ಜೀಪಿನ ಸೀಟಿನ ಕೆಳಗೆ ಇಡುತ್ತಿದ್ದರು, ನಿನಗೆ ನೆನಪಿರಬಹುದು. ಕಬ್ಬಿಣ ಮೈಗೆ ತಾಗಿಕೊಂಡು ಇರಬಾರದು ಅನ್ನುತ್ತಿದ್ದರು. ದಿನಾ ನೋಡಿದ್ದೆ, ಆದರೂ ನನ್ನ ತಲೆಗೆ ಹೋಗಲಿಲ್ಲ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ಕೇಳು. ಬೆನ್ನಿಗೆ ನೀರು ಹಾಕಿಕೋ, ಕಬ್ಬಿಣ ಬೇಡ. ಈಗ ನಳಿಗೆ ಇರುವ ಮೆತ್ತನೆ ನೀರಿನ ಚೀಲ ಬರುತ್ತದಲ್ಲ, ಎರಡು ಲೀಟರಿನದು, ಅದು ಬೆನ್ನಲ್ಲಿರಲಿ. ಭಾರ ಎರಡು ಕೆಜಿ, ಕುಡಿದಂತೆಲ್ಲ ಅದೂ ಇಳಿಯುತ್ತದೆ. ಬಾಯಾರುವವರೆಗೆ ಕಾಯದೆ ಗುಟುಕು ಗುಟುಕಾಗಿ ಕುಡಿ. ನಿಂತುಕೊಂಡು ಗಾಡಿ ಓಡಿಸುವಾಗ ಎಷ್ಟು ಬೆವರುತ್ತೀರಿ ಅಂತ ನಿಮಗೇ ಗೊತ್ತಾಗಲ್ಲ. ಬೇರೆ ಒಂದು ಬಾಟಲಿ ಗಾಡಿಯಲ್ಲಿರಲಿ. ಅದು ನಿನಗಲ್ಲ, ಜೊತೆಯಲ್ಲಿ ಬಿದ್ದವನಿಗೆ. ಅದನ್ನು ಮನೆಗೆ ತಲುಪುವವರೆಗೆ ಮುಟ್ಟಬೇಡ.

ಕೊಡಗಿನಲ್ಲಿ ನೀರಿಗೆ ಬರ ಇಲ್ಲ ಅಂತೀಯ. ಫೆಬ್ರವರಿ, ಮಾರ್ಚಿನಲ್ಲಿ ಬಂದು ನೋಡು. ಕಾಫಿ ಹೂವಿಗೆ ಅಂತ ಎಲ್ಲರೂ ಸ್ಪ್ರಿಂಕ್ಲರ್ ಹಾಕುತ್ತಾರೆ, ತೋಡಿನ ತಳ ಕಾಣುತ್ತದೆ. ಮಳೆಗಾಲಕ್ಕೆ ಮೊದಲು ಗಿಡಗಳಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ಔಷಧಿ ಹೊಡೆಯುತ್ತಾರೆ, ಮೈಲುತುತ್ತದ ನೀರು ಹರಿದು ಎಲ್ಲಿಗೆ ಬರುತ್ತದೆ ಹೇಳು? ತೋಟದ ಕೆಳಗಿನ ನೀರನ್ನು ನಂಬಬೇಡ, ಎಷ್ಟೇ ತಿಳಿಯಾಗಿದ್ದರೂ.

ಪಾನಾಗಳನ್ನು ಹಳೇ ಟ್ಯೂಬಿನ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಗಾಡಿಗೇ ಕಟ್ಟು. ಆದಷ್ಟು ಕೆಳಗೆ, ಆದಷ್ಟು ಮಧ್ಯಕ್ಕೆ. ಹಿಂದಿನ ಮಡ್‌ಗಾರ್ಡಿನ ತುದಿಗೆ ಭಾರ ಹಾಕಿದರೆ ಅದು ಕುಲುಕಿ ಕುಲುಕಿ ಸೀಳುತ್ತದೆ. ಮತ್ತೆ, ಇಷ್ಟೊಂದು ಯಾಕೆ ಬೇಕು? ಒಂದು ದಿನ ಅಂಗಳದಲ್ಲಿ ಕೂತು, ನೀನು ಒಯ್ಯುವ ಸಾಮಾನಿನಲ್ಲೇ ಎರಡೂ ಚಕ್ರ ಬಿಚ್ಚಿ ಟ್ಯೂಬ್ ತೆಗೆದು ಹಾಕು. ಆಗ ಕೈಗೆ ಬೇಕಾದದ್ದು ಮಾತ್ರ ಇಟ್ಟುಕೋ. ನಿನ್ನ ಎಕ್ಸ್‌ಪಲ್ಸ್ ಬೈಕಿಗೆ ಮುಂದಿನ ಚಕ್ರ 21 ಇಂಚು, ಹಿಂದಿನದು 18. ಮುಂದಿನ ಟ್ಯೂಬ್ ಒಂದಿದ್ದರೆ ಕಷ್ಟಕ್ಕೆ ಹಿಂದಕ್ಕೂ ಹಾಕಿಕೊಂಡು ನಿಧಾನಕ್ಕೆ ಮನೆ ಸೇರಬಹುದು. ತುಂಡಾದ ಚೈನ್ ಜೋಡಿಸುವ ಚೈನ್ ಲಾಕ್ ಒಂದು, ಕ್ಲಚ್ ಲಿವರ್ ಒಂದು, ಎಂಜಿನ್ ಕೇಸಿಗೆ ಕಲ್ಲು ತಾಗಿ ಬಿರುಕು ಬಿಟ್ಟರೆ ಮೆತ್ತಲು ಎಂ-ಸೀಲ್. ನಾಲ್ಕು ಜನ ಹೋದರೆ ನಾಲ್ಕು ಪಂಪ್ ಬೇಕಾ? ಹಂಚಿಕೊಳ್ಳಿ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೋ ಏನೋ, ಬೇಜಾರು ಮಾಡಿಕೊಳ್ಳಬೇಡ.

ಇನ್ನೊಂದು. ಯಾರಾದರೂ ಬಿದ್ದು ಬೆನ್ನು ನೋವು ಅಂದರೆ ಎತ್ತಬೇಡ, ಕೂರಿಸಬೇಡ. ಹೆಲ್ಮೆಟ್ ಎಳೆಯಬೇಡ. ನೆರಳು ಮಾಡಿ ಪಕ್ಕದಲ್ಲಿ ಕೂತುಕೋ, ಒಬ್ಬನನ್ನು ನೆಟ್‌ವರ್ಕ್ ಸಿಗುವ ಕಡೆಗೆ ಕಳಿಸಿ 108ಕ್ಕೆ ಫೋನ್ ಮಾಡಿಸು. ಅದಕ್ಕಾದರೂ ಒಬ್ಬನೇ ಹೋಗಬೇಡ.

ನಿನ್ನೆ ಸಂಜೆ ನಿಮ್ಮಪ್ಪ ಇಲ್ಲಿಗೆ ಬಂದಿದ್ದ. ಜಗಲಿಯಲ್ಲಿ ಕೂತು ಎದ್ದೇಳುವಾಗ ಕಂಬ ಹಿಡಿದುಕೊಂಡ. ಯಾವಾಗಲೂ ಹಿಡಿದುಕೊಳ್ಳುತ್ತಾನೆ. ನಿನ್ನೆ ಮಾತ್ರ ನನಗೆ ನೋಡಲಾಗಲಿಲ್ಲ, ಒಳಗೆ ಹೋದೆ. ಆ ಬೀಗಕ್ಕೆ ಎಷ್ಟಾಗುತ್ತಿತ್ತು ಮಗಾ? ಎರಡೋ ಮೂರೋ ರೂಪಾಯಿ.

ಪತ್ರ ತಲುಪಿದ ದಿನವೇ ಬ್ಯಾಗ್ ಬಿಚ್ಚು. ಬೇರೆ ಸುದ್ದಿ ಆಮೇಲೆ ಬರೆದರೂ ಆಯಿತು. ದೊಡ್ಡ ಪಾನಾ ಈಗ ಎಲ್ಲಿಟ್ಟಿದ್ದೀಯ ಅಂತ ಮೊದಲು ಬರಿ.

ನಿನ್ನ
ದೊಡ್ಡಪ್ಪ