ನಮ್ಮ ಡೆಕ್‌ಗೆ ಇನ್ನೇನು ಸೇರಿಸಬೇಕು

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮನೆ ಹಿಂದಿನ ಡೆಕ್, ಅಂದರೆ ಮರದ ಹಲಗೆಯ ತೆರೆದ ಜಗಲಿ, ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಪ್ಪ, "ಹಲಗೆ ಹಾಸಿದ್ದಾಯ್ತು, ಮುಂದೇನು?" ಅಂತ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೇನೇನು ಸೇರಿಸಬಹುದು ಅಂತ ಡೆಕ್ ಕಟ್ಟುವವರು ಉದ್ದದ ಪಟ್ಟಿ ಕೊಟ್ಟಿದ್ದಾರೆ. ಎಲ್ಲವೂ ಚೆಂದವೇ. ನಾನು ಮಾತ್ರ ಒಂದನ್ನೇ ನೋಡುತ್ತೇನೆ: ಅದು ಬಂದರೆ ನಾವು ಹೊರಗೆ ಇನ್ನಷ್ಟು ಹೊತ್ತು ಕೂರುತ್ತೇವಾ?

ಹಾಗೆ ನೋಡಿದರೆ ಮೊದಲು ನೆರಳು ಬೇಕು. ಮಧ್ಯಾಹ್ನ ಹಲಗೆ ಕಾಲು ಸುಡುತ್ತದೆ, ಬಣ್ಣ ಗಾಢವಾಗಿದ್ದರೆ ಇನ್ನೂ ಜಾಸ್ತಿ. ಕಂಬ ನಿಲ್ಲಿಸಿ ಮೇಲೆ ಮರದ ಪಟ್ಟಿ ಹಾಕುವ ಪರ್ಗೋಲಾ ನಮ್ಮ ಮೊದಲ ಆಯ್ಕೆ. ಇಲ್ಲಿ ನಡು ಮಧ್ಯಾಹ್ನ ಸೂರ್ಯ ಯಾವಾಗಲೂ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಪಟ್ಟಿಗಳು ಪೂರ್ವ-ಪಶ್ಚಿಮವಾಗಿದ್ದರೆ ಮಧ್ಯಾಹ್ನದ ಬಿಸಿಲು ಚೆನ್ನಾಗಿ ತಡೆಯುತ್ತದೆ. ಮಳೆಯನ್ನು ಮಾತ್ರ ತಡೆಯುವುದಿಲ್ಲ. ಪರ್ಗೋಲಾದ ಕಂಬಗಳನ್ನು ಡೆಕ್ಕಿನ ಮೇಲಿನ ಹಲಗೆಗೆ ಸುಮ್ನೆ ತಿರುಪು ಹಾಕಿ ಬಿಡಬಾರದು, ಕೆಳಗಿನ ತೊಲೆಗೆ ಬಿಗಿಯಬೇಕು. ಗಾಳಿ ಎಳೆಯುವ ಬಲ ಕಡಿಮೆಯದ್ದಲ್ಲ. ಹುಳ ಹಿಡಿಯದಂತೆ ಮರಕ್ಕೆ ಕೊಡುವ ಮದ್ದಿನಲ್ಲಿ ತಾಮ್ರ ಇರುತ್ತದೆ, ಅದು ಸಾದಾ ಮೊಳೆಯನ್ನು ತಿಂದುಹಾಕುತ್ತದೆ. ಅದಕ್ಕೇ ಸ್ಟೇನ್‌ಲೆಸ್ ಸ್ಟೀಲ್ ತಿರುಪುಗಳನ್ನೇ ಕೇಳಿದ್ದೇನೆ.

ಆಮೇಲೆ ದೀಪ. ದಾರದಲ್ಲಿ ತೂಗುವ ಬಣ್ಣದ ಬಲ್ಬು ಆಮೇಲೆ ನೋಡಿಕೊಳ್ಳಬಹುದು, ಮೆಟ್ಟಿಲಿಗೆ ಮೊದಲು ಬೇಕು. ಪ್ರತಿ ಮೆಟ್ಟಿಲ ಅಂಚಿನ ಕೆಳಗೆ ಬೆರಳಗಲದ ದೀಪ ಹುದುಗಿಸುತ್ತಾರೆ. ಬೆಳಕು ಕೆಳಗಿನ ಮೆಟ್ಟಿಲ ಮೇಲೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. 12 ವೋಲ್ಟ್‌ನಲ್ಲಿ ಉರಿಯುವುದರಿಂದ ಮಳೆಗೆ ನೆನೆದರೂ ಅಷ್ಟು ಭಯವಿಲ್ಲ.

ಬೆಂಚಿನ ವಿಷಯದಲ್ಲಿ ನನಗೆ ತುಂಬಾ ಆಸೆ. ಅಂಚಿನುದ್ದಕ್ಕೂ ಬೆಂಚು, ಅದರೊಳಗೆ ದಿಂಬು ಇಡಲು ಪೆಟ್ಟಿಗೆ. ಪೆಟ್ಟಿಗೆಗೆ ಗಾಳಿಯಾಡುವ ಸಂದು ಬಿಡಲೇಬೇಕು, ಇಲ್ಲದಿದ್ದರೆ ದಿಂಬೆಲ್ಲ ಬೂಷ್ಟು. ಆದರೆ ಒಂದು ಎಚ್ಚರ. ಡೆಕ್ಕಿನ ಅಂಚಿನಲ್ಲಿ ಬೀಳದಂತೆ ಹಾಕುವ ಕಂಬಿಗೆ ಒತ್ತಿ ಬೆಂಚು ಹಾಕಿದರೆ ಪುಟ್ಟಿ ಅದರ ಮೇಲೆ ಹತ್ತಿ ನಿಲ್ಲುತ್ತಾಳೆ, ಅಲ್ವಾ? ಆಗ ಕಂಬಿಯ ಎತ್ತರವನ್ನು ಬೆಂಚಿನ ಮೇಲಿನಿಂದ ಲೆಕ್ಕ ಹಾಕಬೇಕು, ನೆಲದಿಂದಲ್ಲ. ಕಂಬಿಗಳ ನಡುವಿನ ಸಂದು 4 ಇಂಚಿಗಿಂತ ಕಡಿಮೆ ಇರಲಿ ಎಂದಿದ್ದೇನೆ, ಮಗುವಿನ ತಲೆ ತೂರಬಾರದು.

ಹೂಕುಂಡ ಎಷ್ಟಾದರೂ ಇಡಬಹುದು, ಅಡಿಯಲ್ಲಿ ಸಣ್ಣ ಕಾಲು ಇದ್ದರೆ ಸಾಕು. ನೀರು ನಿಂತಲ್ಲಿ ಹಲಗೆ ಕೊಳೆಯುತ್ತದೆ.

ನಿಮ್ಮ ಅಳಿಯನಿಗೆ ಹಾಟ್ ಟಬ್, ಅಂದರೆ ಬಿಸಿನೀರಲ್ಲಿ ಕೂರುವ ದೊಡ್ಡ ತೊಟ್ಟಿ, ಬೇಕಂತೆ. ನಾನು ಒಪ್ಪಿಲ್ಲ. 1,500 ಲೀಟರ್ ನೀರು ಅಂದರೆ 1,500 ಕಿಲೋ ತೂಕ. ಟಬ್ಬೂ ಕೂರುವವರೂ ಸೇರಿದರೆ ಎರಡು ಸಾವಿರ ದಾಟುತ್ತದೆ. ಸಾಮಾನ್ಯ ಡೆಕ್ ಒಂದು ಚದರ ಮೀಟರ್‌ಗೆ ಸುಮಾರು 200 ಕಿಲೋ ಹೊರುವಂತೆ ಕಟ್ಟಿರುತ್ತಾರೆ. ಟಬ್ ಇಟ್ಟ ಜಾಗದಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಬೀಳುತ್ತದೆ. ಬೇಕೇ ಬೇಕಾದರೆ ಪಕ್ಕದ ನೆಲದಲ್ಲಿ ಕಾಂಕ್ರೀಟ್ ಹಾಸಿ ಇಡೋಣ ಎಂದಿದ್ದೇನೆ. ಸೌದೆ ಉರಿಸುವ ಫೈರ್‌ಪಿಟ್ಟೂ ಅಲ್ಲಿಗೇ. ಕಿಡಿ ಹಾರುವ ವಸ್ತು ಮರದ ಮೇಲೆ ಬೇಡ.

ಅಪ್ಪ, ಡೆಕ್ಕನ್ನು ಮನೆ ಗೋಡೆಗೆ ಹಿಡಿದಿರುವ ತೊಲೆಯ ಫೋಟೋ ಬೇರೆ ಕಳಿಸುತ್ತೇನೆ. ಬೋಲ್ಟುಗಳು ಸಾಕಷ್ಟಿವೆಯಾ ಎಂದು ನಿಮ್ಮ ಕಣ್ಣಿಂದ ನೋಡಿ ಹೇಳಿ. ಅಮ್ಮ, ನಿನ್ನ ಮೊಣಕಾಲಿಗೆ ಕೂತು ಏಳಲು ಹಿತವಾಗಿರುವ ಕುರ್ಚಿಯ ಎತ್ತರ ಅಳೆದು ಬರಿ. ಬೆಂಚು ಸಾಧಾರಣವಾಗಿ 18 ಇಂಚು ಇಡುತ್ತಾರೆ, ನಿನಗೆ ಇನ್ನೊಂದಿಂಚು ಬೇಕೇನೋ. ಬಡಗಿ ಮರ ಕತ್ತರಿಸುವ ಮೊದಲು ನನಗೆ ಗೊತ್ತಾಗಬೇಕು.

ನಿಮ್ಮ ಮಗಳು